ಬೆರಳಿಗೆ ತಕ್ಕ ಗಾಜು

ನಮ್ಮ ಲಗ್ಗೆರೆಯ ಹೆಸರು ಈ ವಾರ್ಷಿಕ ಸಂಚಿಕೆಯಲ್ಲಿ ಇದುವರೆಗೆ ಅಚ್ಚಾದಂತೆ ನಾನು ಕಾಣೆ. ಅಚ್ಚಾಗುವಂಥ ಕೀರ್ತಿ ಅದಕ್ಕೇನೂ ಇಲ್ಲವೆಂಬುದೂ ನಿಜ. ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಒತ್ತಿಕೊಂಡು, ಹೊರವರ್ತುಲ ರಸ್ತೆಯ ಮಗ್ಗುಲಿಗೆ ಹಬ್ಬಿಕೊಂಡಿರುವ ಊರು ಅದು. ಕೆಳಗಡೆ ಲೇತು, ಮೇಲುಗಡೆ ಸಂಸಾರ. ಇದು ನಮ್ಮ ಬೀದಿಯ ಅನೇಕ ಮನೆಗಳ ಕ್ರಮ. ಬೆಳಗಿನ ಹೊತ್ತು ಗಾರ್ಮೆಂಟ್ಸಿಗೆ ಹೊರಟ ಹೆಂಗಸರೂ ರಾತ್ರಿಯ ಶಿಫ್ಟು ಮುಗಿಸಿ ಬರುವ ಗಂಡಸರೂ ಒಂದೇ ಬೀದಿಯಲ್ಲಿ ಎದುರಾಗುತ್ತಾರೆ. ಗಂಡನ ಕೈಗೆ ಮನೆಯ ಬೀಗದ ಕೈ ಕೊಟ್ಟು ಬಸ್ಸಿಗೆ ಓಡುವ ಹೆಂಡತಿಯನ್ನು ನಾನು ದಿನವೂ ಕಾಣುತ್ತೇನೆ. ಆ ಹೆಂಡತಿ ನಮ್ಮ ಅಮ್ಮನೇ ಆಗಿರುವುದರಿಂದ ಈ ವಿಷಯದಲ್ಲಿ ನನ್ನ ಮಾತನ್ನು ಓದುಗರು ನಂಬಬಹುದು.

ಇಂಥ ಬೀದಿಯಲ್ಲಿ ಒಂದು ಸಣ್ಣ ವಾಚನಾಲಯವಿದೆ. ಒಂದೇ ಕೋಣೆ, ಮೂರು ದಿನಪತ್ರಿಕೆ, ಎರಡು ಬೆಂಚು, ಬಾಗಿಲು ಸರಿಯಾಗಿ ಹಾಕಿಕೊಳ್ಳದ ಒಂದು ಬೀರು. ಬೀದಿಯ ತರುಣರೂ ನಮ್ಮ ಕಾಲೇಜಿನ ಎನ್.ಎಸ್.ಎಸ್. ಗೆಳತಿಯರೂ ಸೇರಿ ಅಲ್ಲೊಂದು ಕಿಯೋಸ್ಕ್ ಇಡಬೇಕೆಂದು ಕಳೆದ ವರ್ಷ ನಿಶ್ಚಯಿಸಿದೆವು. ಕಿಯೋಸ್ಕ್ ಎಂದರೆ ಹೆಚ್ಚೇನೂ ಅಲ್ಲ. ನಿಂತುಕೊಂಡೇ ಬೆರಳಿನಿಂದ ಮುಟ್ಟಿ ಬೇಕಾದದ್ದನ್ನು ತಿಳಿದುಕೊಳ್ಳಬಹುದಾದ, ಪೆಟ್ಟಿಗೆಯೊಳಗೆ ಕುಳಿತ ಒಂದು ಕಂಪ್ಯೂಟರು. ಪಡಿತರ ಚೀಟಿಗೆ ಯಾವ ಯಾವ ಕಾಗದ ಬೇಕು, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದು, ಭವಿಷ್ಯನಿಧಿಯ ಹಣ ತೆಗೆಯುವ ಬಗೆ ಹೇಗೆ, ಕಟ್ಟಡ ಕಾರ್ಮಿಕರ ಮಂಡಳಿಯಿಂದ ದೊರೆಯುವ ಸವಲತ್ತುಗಳೇನು, ಇವೆಲ್ಲವನ್ನೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ತೋರಿಸಬೇಕೆಂಬುದು ನಮ್ಮ ಆಸೆ. ಒಂದು ಕಛೇರಿಯವರು ತಮಗೆ ಬೇಡವಾದ ಕಂಪ್ಯೂಟರನ್ನು ದಾನವಾಗಿ ಕೊಟ್ಟರು. ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿದೆವು. ಅದಕ್ಕೆ ಹಣವಿಲ್ಲ, ಯಾರ ಅಪ್ಪಣೆಯೂ ಬೇಡ, ಕನ್ನಡದ ಅಕ್ಷರಗಳೂ ಅದರೊಡನೆಯೇ ಬರುತ್ತವೆ. ಉಳಿದದ್ದು ಮುಟ್ಟುವ ಗಾಜು ಮಾತ್ರ.

ಆ ‘ಮಾತ್ರ’ದಲ್ಲಿಯೇ ನಮ್ಮ ನಾಲ್ಕು ತಿಂಗಳು ಹೋದವು. ಯಾವ ಬಗೆಯ ಗಾಜನ್ನು ಕೊಳ್ಳಬೇಕೆಂಬ ವಿಷಯದಲ್ಲಿ ಗೆಳೆಯರಲ್ಲಿ ಎರಡು ಪಕ್ಷಗಳಾದವು. ಈಗ ನಮ್ಮ ಕಾಲೇಜಿನ ಕಛೇರಿಯ ಮುಂದೆಯೂ ಇಂಥದೇ ಒಂದು ಯಂತ್ರ ಬರಲಿದೆಯೆಂದು ಕೇಳಿದ್ದೇನೆ. ಆದಕಾರಣ ಮನೆಯ ಜಗಳವನ್ನು ಇಲ್ಲಿಗೆ ತಂದಿದ್ದೇನೆ. ಗಾಜನ್ನು ಆರಿಸುವಾಗ ಅದನ್ನು ಮುಟ್ಟುವ ಕೈಯನ್ನು ಮೊದಲು ನೋಡಬೇಕು. ಆ ಗಾಜು ಕಂಪ್ಯೂಟರಿನೊಡನೆ ಆಡುವ ಮಾತು ಮಾರಿದವನ ಗುಟ್ಟಾಗಿರದೆ ಎಲ್ಲರೂ ಬಲ್ಲ ಮಾತಾಗಿರಬೇಕು. ಅಂದ, ಹೊಳಪು, ಬೆಲೆ ಇವೆಲ್ಲ ಅನಂತರ. ನಮ್ಮಲ್ಲಿ ನಡೆಯುತ್ತಿರುವುದು ಸರಿಯಾಗಿ ಇದರ ತಿರುವುಮುರುವು ಎಂಬುದು ನನ್ನ ದೂರು.

ಚರಿತ್ರೆ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವ ಹುಡುಗಿಗೆ ಈ ವಿಷಯದ ಅಧಿಕಾರವೇನೆಂದು ವಿಜ್ಞಾನದ ಮಿತ್ರರು ಕೇಳಬಹುದು. ಅಧಿಕಾರ ನನ್ನದಲ್ಲ, ನಮ್ಮ ದೊಡ್ಡಮ್ಮನ ಮಗನದು. ಅಣ್ಣ ಪೀಣ್ಯದಲ್ಲಿ ಎಲೆಕ್ಟ್ರಾನಿಕ್ಸ್ ದುರಸ್ತಿಯ ಕೆಲಸದಲ್ಲಿದ್ದಾನೆ. ಒಂದು ಭಾನುವಾರ ಅವನು ಮೂರು ಬಗೆಯ ಪರದೆಗಳನ್ನು ಎರವಲು ತಂದು ನಮ್ಮ ಮನೆಯ ಮಂಚದ ಮೇಲೆ ಸಾಲಾಗಿ ಇಟ್ಟ. ನನಗೆ ತಿಳಿದಿರುವುದೆಲ್ಲ ಆ ಮಂಚದ ಮೇಲೆ ಕಲಿತದ್ದು.

ಮೊದಲನೆಯದು ನಮ್ಮೆಲ್ಲರ ಫೋನಿನಲ್ಲಿರುವ ಜಾತಿ, ಕೆಪಾಸಿಟಿವ್ ಎನ್ನುತ್ತಾರೆ. ಗಾಜಿನ ಹಿಂದೆ, ಕಣ್ಣಿಗೆ ಕಾಣದಷ್ಟು ತೆಳುವಾಗಿ, ವಿದ್ಯುತ್ತು ಹರಿಯಬಲ್ಲ ಗೆರೆಗಳ ಒಂದು ಬಲೆ ಹರಡಿರುತ್ತದೆ. ಇಂಡಿಯಂ ಮತ್ತು ತವರದ ಆಕ್ಸೈಡಿನಿಂದ ಮಾಡಿದ ಬಲೆ ಅದು. ನಮ್ಮ ಮೈಯಲ್ಲಿ ನೀರೂ ಉಪ್ಪೂ ಇರುವುದರಿಂದ ಅದೂ ವಿದ್ಯುತ್ತಿಗೆ ದಾರಿ ಕೊಡುವ ವಸ್ತುವೇ. ಬೆರಳು ಗಾಜಿನ ಹತ್ತಿರ ಬಂದಾಗ ಆ ಬಲೆಯಲ್ಲಿ ನಿಂತಿರುವ ವಿದ್ಯುತ್ತಿನಲ್ಲಿ ಅತಿ ಅಲ್ಪವಾದ ಏರುಪೇರು ಉಂಟಾಗುತ್ತದೆ. ಏರುಪೇರು ಎಲ್ಲಿ ಆಯಿತೆಂಬುದನ್ನು ಒಂದು ಚಿಪ್ಪು ಅಳೆದು, ಬೆರಳು ಇಂಥ ಕಡೆ ಇದೆಯೆಂದು ಹೇಳುತ್ತದೆ. ಒತ್ತಬೇಕಾಗಿಲ್ಲ, ಸೋಕಿದರೆ ಸಾಕು. ಈ ಉಪಾಯ ಹೊಸದೇನೂ ಅಲ್ಲ. ಇಂಗ್ಲೆಂಡಿನ ಮಾಲ್ವರ್ನ್ ಎಂಬಲ್ಲಿನ ರಾಡಾರ್ ಸಂಶೋಧನಾಲಯದ ಇ. ಎ. ಜಾನ್ಸನ್ ಎಂಬವರು ೧೯೬೫ರಲ್ಲಿಯೇ ಇದನ್ನು ಕುರಿತು ಬರೆದಿದ್ದರು. ವಿಮಾನಗಳ ಸಂಚಾರ ನೋಡಿಕೊಳ್ಳುವವರಿಗೆ ಉಪಯೋಗವಾಗಲೆಂಬುದು ಅವರ ಉದ್ದೇಶ. ಆ ಮನುಷ್ಯರ ಕೈಗಳು ಮೆತ್ತಗಿದ್ದಿರಬೇಕು.

ಏಕೆಂದರೆ ನಮ್ಮ ತಂದೆಯ ಕೈಯನ್ನು ಈ ಗಾಜು ಒಪ್ಪಲಿಲ್ಲ. ಅವರು ಟರ್ನರ್. ಇಪ್ಪತ್ತೆರಡು ವರ್ಷ ಲೇತಿನ ಮುಂದೆ ನಿಂತು, ಕೂಲೆಂಟಿನಲ್ಲಿ ನೆನೆದು, ಬಿಸಿ ಕಬ್ಬಿಣದ ಸಿಬಿರು ತಾಕಿಸಿಕೊಂಡು ಅವರ ಬೆರಳ ತುದಿಗಳು ಒಣಗಿ ಜಡ್ಡುಗಟ್ಟಿವೆ. ಜಡ್ಡಾದ ಒಣ ಚರ್ಮ ವಿದ್ಯುತ್ತಿಗೆ ದಾರಿ ಬಿಡುವುದು ಕಡಿಮೆ. ಒಳಗಿನ ಜೀವಂತ ಮಾಂಸ ಗಾಜಿನಿಂದ ಅಷ್ಟು ದೂರ ಉಳಿಯಿತು. ಏರುಪೇರು ಚಿಪ್ಪಿನ ಗಮನಕ್ಕೆ ಬರುವಷ್ಟು ಆಗಲಿಲ್ಲ. ಇದರ ಜೊತೆಗೆ, ಸಾರ್ವಜನಿಕರ ಕೈಯಿಂದ ಒಡೆಯದಿರಲೆಂದು ಗಾಜಿನ ಮುಂದೆ ಇನ್ನೊಂದು ದಪ್ಪ ಗಾಜು ಹಾಕಿದ್ದರಂತೂ ಕೇಳುವುದೇ ಬೇಡ. ಒಮ್ಮೆಗೇ ಹತ್ತು ಬೆರಳುಗಳನ್ನು ಗುರುತಿಸುತ್ತದೆಂದು ಅದರ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದರು. ನಮ್ಮ ತಂದೆಯದು ಒಂದು ಬೆರಳು.

‘ಏನಮ್ಮಾ, ನಿನ್ನ ಗಾಜಿಗೆ ನಾನು ಇಲ್ಲೇ ಇಲ್ವಲ್ಲ’ ಎಂದು ಅವರು ನಕ್ಕರು. ಅಣ್ಣ ನಗಲಿಲ್ಲ. ‘ಚಿಕ್ಕಪ್ಪ, ಸ್ವಲ್ಪ ಒದ್ದೆ ಮಾಡ್ಕೊಂಡು ಮುಟ್ಟಿ’ ಎಂದ. ಒದ್ದೆ ಬೆರಳಿಗೆ ಗಾಜು ಓಗೊಟ್ಟಿತು. ಆದರೆ ವಾಚನಾಲಯಕ್ಕೆ ಬಂದವರು ಸರ್ಕಾರದ ಸವಲತ್ತು ತಿಳಿಯುವುದಕ್ಕೆ ಮೊದಲು ಬೆರಳನ್ನು ನಾಲಗೆಗೆ ಮುಟ್ಟಿಸಬೇಕೆನ್ನುವುದು ಯಾವ ನ್ಯಾಯ?

ಇದೇ ಹೊತ್ತಿಗೆ ಅಮ್ಮ ಒಂದು ಮಾತೆಂದರು. ನ್ಯಾಯಬೆಲೆ ಅಂಗಡಿಯ ಬೆರಳಚ್ಚಿನ ಯಂತ್ರವೂ ತಮ್ಮ ಬೆರಳನ್ನು ಎರಡು ಮೂರು ಸಲ ತಿರಸ್ಕರಿಸಿತ್ತಂತೆ. ಬೆರಳಚ್ಚಿನ ಯಂತ್ರ ನೋಡುವುದು ಚರ್ಮದ ಗೆರೆಗಳನ್ನು, ಈ ಗಾಜು ನೋಡುವುದು ವಿದ್ಯುತ್ತನ್ನು. ಎರಡೂ ಬೇರೆ ಬೇರೆ ವಿದ್ಯೆ ಎಂದು ಅಣ್ಣ ವಿವರಿಸಿದ. ಅಮ್ಮನಿಗೆ ಆ ಭೇದದಿಂದ ಸಮಾಧಾನವಾದಂತೆ ಕಾಣಲಿಲ್ಲ. ದುಡಿದು ಸವೆದ ಕೈಯನ್ನು ಒಂದಾದ ಮೇಲೊಂದು ಯಂತ್ರ ‘ಇಲ್ಲ’ ಎನ್ನುತ್ತಿದ್ದರೆ, ಅದು ಯಾವ ವಿದ್ಯೆಯಿಂದ ‘ಇಲ್ಲ’ ಎಂದಿತು ಎನ್ನುವುದು ಕೈಯುಳ್ಳವರಿಗೆ ಸಣ್ಣ ವಿಷಯ.

ಎರಡನೆಯ ಪರದೆಯ ಮೇಲೆ ಯಾವ ಬಲೆಯೂ ಇರಲಿಲ್ಲ. ಸುತ್ತಲಿನ ಚೌಕಟ್ಟಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಣ್ಣಿಗೆ ಕಾಣದ ಅತಿಕೆಂಪು ಕಿರಣಗಳು ಹಾಯುತ್ತಿರುತ್ತವೆ. ಬೆರಳು ಅಡ್ಡ ಬಂದಲ್ಲಿ ಕಿರಣ ಕಡಿಯುತ್ತದೆ. ಅಡ್ಡಸಾಲು ಉದ್ದಸಾಲು ಕೂಡಿಸಿ ಸ್ಥಳ ಗೊತ್ತುಮಾಡುತ್ತಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ೧೯೭೨ರಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಪ್ಲೇಟೋ ಎಂಬ ಯಂತ್ರಕ್ಕೆ ಇದೇ ಏರ್ಪಾಡಿತ್ತು. ೧೬ಕ್ಕೆ ೧೬ರ ಮನೆಗಳ ಚದುರಂಗ. ಇದಕ್ಕೆ ಜಡ್ಡಿನ ಚಿಂತೆ ಇಲ್ಲ. ಬೆರಳು, ಕೈಚೀಲ ಹಾಕಿದ ಕೈ, ಪೆನ್ಸಿಲು ಎಲ್ಲವೂ ಅದಕ್ಕೆ ಒಂದೇ. ತಂದೆಯ ಕೈಯನ್ನು ಅದು ಕೂಡಲೆ ಮನ್ನಿಸಿತು. ನನಗೆ ಅದರ ಮೇಲೆಯೇ ಮನಸ್ಸು ನಿಂತಿತ್ತು. ಸಂಜೆಯಾಗಿ ಟ್ಯೂಬ್‌ಲೈಟ್ ಹಾಕಿದೆವು. ಪೀಣ್ಯದ ಕಡೆಯ ಹುಳುಗಳು ಬೆಳಕಿಗೆ ಬಂದವು. ಒಂದು ಹುಳು ಚೌಕಟ್ಟಿನ ಮೂಲೆಯಲ್ಲಿ ಕುಳಿತು ವಿದ್ಯಾರ್ಥಿವೇತನದ ಪುಟವನ್ನು ತೆರೆಯಿತು, ತಾನು ಅರ್ಹನಲ್ಲವೆಂದು ತಿಳಿದೋ ಏನೋ ಹಿಂದಕ್ಕೆ ಹೋಯಿತು, ಮತ್ತೆ ತೆರೆಯಿತು. ನಮ್ಮ ಬೀದಿಯ ಗ್ರೈಂಡಿಂಗ್ ಧೂಳು ಚೌಕಟ್ಟಿನ ಅಂಚಿನಲ್ಲಿ ಕುಳಿತರೂ, ಬಾಗಿಲಿನಿಂದ ನೇರ ಬಿಸಿಲು ಬಿದ್ದರೂ ಹೀಗೆಯೇ ಆಗುತ್ತದೆಂದು ಅಣ್ಣ ಹೇಳಿದ. ಬಾಗಿಲು ಮುಚ್ಚಿದ, ಧೂಳಿಲ್ಲದ ದೊಡ್ಡ ಸಭಾಂಗಣಕ್ಕೆ ಇದು ಒಳ್ಳೆಯದು. ನಮ್ಮ ವಾಚನಾಲಯದ ಬಾಗಿಲು ಬೀದಿಗೇ ತೆರೆಯುತ್ತದೆ.

ಮೂರನೆಯದು ಯಾವುದೋ ಅಂಗಡಿಯ ಬಿಲ್ಲಿನ ಯಂತ್ರದಿಂದ ಕಳಚಿದ ಹಳೆಯ ಪರದೆ. ಹೆಸರು ರೆಸಿಸ್ಟಿವ್. ಕೆಳಗೆ ಗಾಜು, ಮೇಲೆ ಬಾಗುವ ಪ್ಲಾಸ್ಟಿಕ್ಕಿನ ಹಾಳೆ, ಎರಡರ ಒಳಮೈಗೂ ವಿದ್ಯುತ್ತು ಹರಿಯುವ ಲೇಪ, ನಡುವೆ ಕೂದಲೆಳೆಯಷ್ಟು ಎಡೆ. ಒತ್ತಿದಲ್ಲಿ ಎರಡು ಪದರವೂ ಒಂದನ್ನೊಂದು ಮುಟ್ಟುತ್ತವೆ. ಅಷ್ಟೆ. ಬೆರಳಿನ ಚರ್ಮ ಎಂಥದೆಂದು ಅದು ಕೇಳುವುದಿಲ್ಲ. ಉಗುರಾದರೂ ಸರಿ, ಕಡ್ಡಿಯಾದರೂ ಸರಿ. ಇದರ ದೋಷಗಳನ್ನು ಮುಚ್ಚಿಡುವುದಿಲ್ಲ. ಪ್ಲಾಸ್ಟಿಕ್ಕಿನ ಮೂಲಕ ನೋಡಬೇಕಾದ್ದರಿಂದ ಚಿತ್ರ ಮಂಕು. ಬೀಗದ ಕೈಯಿಂದ ಗೀಚಿದರೆ ಗೀರು ಬೀಳುತ್ತದೆ. ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸುವ ಆಟ ಸಾಮಾನ್ಯವಾಗಿ ಇದರಲ್ಲಿ ನಡೆಯದು. ಕೆಲವು ತಿಂಗಳಿಗೊಮ್ಮೆ ಗುರಿ ತಪ್ಪಿ, ನಾಲ್ಕು ಮೂಲೆಗಳನ್ನು ಮುಟ್ಟಿ ತಿದ್ದಬೇಕಾಗಬಹುದು. ಇದರಲ್ಲಿಯೂ ನಾಲ್ಕು ತಂತಿಯದು, ಐದು ತಂತಿಯದು ಎಂದು ಎರಡು ಬಗೆ. ನಾಲ್ಕು ತಂತಿಯದರಲ್ಲಿ ಅಳತೆಗೆ ಮೇಲಿನ ಹಾಳೆಯೂ ಬೇಕು. ಅದು ಸವೆದಂತೆ ಲೆಕ್ಕ ತಪ್ಪುತ್ತದೆ. ಐದು ತಂತಿಯದರಲ್ಲಿ ಅಳತೆಯೆಲ್ಲ ಕೆಳಗಿನ ಗಾಜಿನ ಮೇಲೆಯೇ ನಡೆಯುವುದರಿಂದ ಮೇಲಿನ ಹಾಳೆ ಸವೆದರೂ ಬಹುಕಾಲ ಬಾಳುತ್ತದೆ. ಬೆಲೆಯ ಅಂತರ ನೋಡಿ ನಾಲ್ಕು ತಂತಿಯದನ್ನು ಕೊಳ್ಳುವವರು ಎರಡು ಸಲ ಕೊಳ್ಳುತ್ತಾರೆ ಎಂದು ಅಣ್ಣನ ಅಭಿಪ್ರಾಯ.

ನಮ್ಮ ತಂದೆ ಮೂರನೆಯದನ್ನು ಒತ್ತಿದರು. ಭವಿಷ್ಯನಿಧಿಯ ಪುಟ ತೆರೆಯಿತು. ಕನ್ನಡಕ ಹಾಕಿಕೊಂಡು ಮಂಚದ ಅಂಚಿನಲ್ಲಿ ಕುಳಿತು ಕೊನೆಯವರೆಗೆ ಓದಿದರು. ಅನಂತರ ನೆರೆಮನೆಯ ಹತ್ತು ಹನ್ನೆರಡು ಮಂದಿ ಬಂದು ಮೂರನ್ನೂ ಮುಟ್ಟಿ ನೋಡಿದರು. ಕಾಲೇಜಿಗೆ ಹೋಗುವ ನಾವೆಲ್ಲ ಮೊದಲನೆಯದನ್ನು ಹೊಗಳಿದೆವು. ಗಾರೆಯ ಕೆಲಸದವರೂ ವೆಲ್ಡಿಂಗಿನವರೂ ಮೂರನೆಯದರ ಮುಂದೆ ನಿಂತರು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಇಷ್ಟು ಕೈಯ ವಿಷಯ. ಮಾತಿನ ವಿಷಯ ಇನ್ನೂ ಇದೆ. ಅದು ನಮಗೆ ಹೆಚ್ಚು ದುಬಾರಿಯಾಗಿ ತಿಳಿಯಿತು.

ಕಿಯೋಸ್ಕಿಗೆ ಮೊದಲು ಒಂದು ಪರದೆಯನ್ನು ನಾವು ಅವಸರದಲ್ಲಿ ಕೊಂಡಿದ್ದೆವು. ಎಸ್. ಪಿ. ರಸ್ತೆಯ ಒಂದು ಅಂಗಡಿಯಲ್ಲಿ ‘ಲಿನಕ್ಸ್ ಸಪೋರ್ಟ್ ಇದೆ ಮೇಡಂ’ ಎಂದರು. ಸಪೋರ್ಟ್ ಇತ್ತು, ಒಂದು ಸಿ.ಡಿ.ಯಲ್ಲಿತ್ತು. ಪರದೆಯ ಮಾತನ್ನು ಲಿನಕ್ಸಿಗೆ ತಿಳಿಸಿಕೊಡುವ ದುಭಾಷಿಯಂಥ ಒಂದು ತಂತ್ರಾಂಶ ಅದರಲ್ಲಿ ಇತ್ತು. ಆ ದುಭಾಷಿಯ ಒಳಗೇನಿದೆಯೆಂದು ಮಾಡಿದವರು ತೋರಿಸಿರಲಿಲ್ಲ. ಲಿನಕ್ಸಿನ ತಿರುಳಿನ ಒಂದು ನಿರ್ದಿಷ್ಟ ಆವೃತ್ತಿಗೆ ಮಾತ್ರ ಹೊಂದುವಂತೆ ಅದನ್ನು ಮೊದಲೇ ಕಟ್ಟಿ ಇಟ್ಟಿದ್ದರು. ಮೂರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಭದ್ರತೆಯ ಕಾರಣದಿಂದ ಲಿನಕ್ಸನ್ನು ಹೊಸದಾಗಿಸಿದೆವು, ತಿರುಳು ಬದಲಾಯಿತು, ದುಭಾಷಿ ಮೂಕನಾದ. ಅಂಗಡಿಗೆ ಹೋದರೆ ಆ ಮಾದರಿ ಈಗ ಬರುತ್ತಿಲ್ಲ ಎಂದರು. ಆ ಪರದೆಯ ಮೇಲೆ ಈಗ ಗಣೇಶನ ಹಬ್ಬದ ಚಂದಾ ಪಟ್ಟಿಯನ್ನು ಅಂಟಿಸಿದ್ದಾರೆ. ಅಷ್ಟರಮಟ್ಟಿಗೆ ಅದು ಇನ್ನೂ ಮಾಹಿತಿ ಕೊಡುತ್ತಿದೆ.

ಇಲ್ಲಿ ತಪ್ಪು ಯಾರದು? ಲಿನಕ್ಸಿನದೆಂದು ಹೇಳಿ ಒಬ್ಬ ಗೆಳೆಯ ಮುಗಿಸಿದ. ನಾನು ಒಪ್ಪಲಾರೆ. ೧೯೯೧ರಲ್ಲಿ ಹೆಲ್ಸಿಂಕಿಯ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆ ತಿರುಳನ್ನು ಬರೆದು ಲೋಕದ ಮುಂದಿಟ್ಟ. ಅಂದಿನಿಂದ ಅದರ ಒಂದೊಂದು ಸಾಲೂ ಎಲ್ಲರಿಗೂ ತೆರೆದಿದೆ. ಮುಚ್ಚಿಕೊಂಡಿದ್ದದ್ದು ಗಾಜು. ತೆರೆದ ಮನೆಗೆ ಬೀಗ ಹಾಕಿದ ಬಾಗಿಲು ತಂದು ಕೂರಿಸಿದವರು ನಾವು.

ಇದಕ್ಕೆ ಪರಿಹಾರ ಕಷ್ಟವಾದದ್ದೇನೂ ಅಲ್ಲ. ಯು.ಎಸ್.ಬಿ. ಮೂಲಕ ಸೇರಿಸುವ ಕೀಲಿಮಣೆ, ಮೌಸು, ಮುಟ್ಟುವ ಪರದೆ ಮುಂತಾದವು ಕಂಪ್ಯೂಟರಿನೊಡನೆ ಹೇಗೆ ಮಾತಾಡಬೇಕೆಂಬುದಕ್ಕೆ ಎಚ್.ಐ.ಡಿ. ಎಂಬ ಒಂದು ಬಹಿರಂಗ ನಿಯಮಾವಳಿ ಇದೆ. ಅದನ್ನು ಅನುಸರಿಸುವ ಪರದೆ, ಸೇರಿಸಿದ ಕ್ಷಣವೇ ‘ನಾನು ಮುಟ್ಟುವ ಪರದೆ, ನನ್ನ ಅಗಲ ಇಷ್ಟು, ಬೆರಳು ಈಗ ಇಲ್ಲಿದೆ’ ಎಂದು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ. ಹಲವು ಬೆರಳುಗಳ ಪರದೆಗಳ ಈ ಮಾತನ್ನು ೨೦೧೧ರಿಂದ ಲಿನಕ್ಸಿನ ತಿರುಳು ತಾನೇ ಬಲ್ಲುದು. ಹಳೆಯ ಮಾದರಿಯ ಅನೇಕ ಒತ್ತುವ ಪರದೆಗಳಿಗೂ ಅದರೊಳಗೆ ಬಹಿರಂಗವಾದ ದುಭಾಷಿಗಳಿದ್ದಾರೆ. ಸಿ.ಡಿ. ಬೇಡ, ಅಂಗಡಿಯವರ ಮರ್ಜಿ ಬೇಡ. ಮಾರಿದವರು ಅಂಗಡಿ ಮುಚ್ಚಿದರೂ ನಮ್ಮ ಪರದೆ ಮುಚ್ಚುವುದಿಲ್ಲ.

ಹಾಗಿದ್ದರೆ ಕೊಳ್ಳುವಾಗ ತಿಳಿಯುವುದು ಹೇಗೆ? ಅಣ್ಣನ ಕ್ರಮ ನನಗೆ ಬಹಳ ಹಿಡಿಸಿತು. ಅವನು ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನು ಜೇಬಿನಲ್ಲಿ ಇಟ್ಟುಕೊಂಡೇ ಅಂಗಡಿಗೆ ಹೋಗುತ್ತಾನೆ. ಅಲ್ಲಿಯ ಕಂಪ್ಯೂಟರನ್ನೇ ಅದರಿಂದ ಎಬ್ಬಿಸಿ, ಪರದೆಯ ತಂತಿ ಸಿಕ್ಕಿಸಿ, ಇವ್‌ಟೆಸ್ಟ್ ಎಂಬ ಸಣ್ಣ ತಂತ್ರಾಂಶ ತೆರೆದು ಗಾಜನ್ನು ಮುಟ್ಟುತ್ತಾನೆ. ಅಂಕಿಗಳು ಓಡಿದರೆ ಸರಿ. ಓಡದಿದ್ದರೆ ನಮಸ್ಕಾರ ಹೇಳಿ ಬರುತ್ತಾನೆ. ಎರಡು ನಿಮಿಷದ ಕೆಲಸ. ಸೀರೆಯ ಅಂಗಡಿಯಲ್ಲಿ ಸೆರಗು ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡುವ ನಮ್ಮ ಹೆಂಗಸರು ಮಾಡುವುದೂ ಇದನ್ನೇ. ಕಂಪ್ಯೂಟರ್ ಎಂದೊಡನೆ ನಾವು ಸೆರಗು ಬಿಚ್ಚಿಸುವುದಕ್ಕೆ ಸಂಕೋಚಪಡುತ್ತೇವೆ.

ಇನ್ನೆರಡು ಅನುಭವಗಳನ್ನು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಒಂದು, ಪೆಟ್ಟಿಗೆಯಲ್ಲಿ ಪರದೆಯನ್ನು ಉದ್ದುದ್ದ ನಿಲ್ಲಿಸಿದೆವು. ಚಿತ್ರವನ್ನು ತಿರುಗಿಸಿದೆವು, ಮುಟ್ಟುವ ಲೆಕ್ಕ ತಿರುಗಲಿಲ್ಲ. ಪಡಿತರವನ್ನು ಮುಟ್ಟಿದರೆ ಬಸ್ಸಿನ ವೇಳೆ ಬಂತು. ಎಂಟು ದಿನ ಪರದೆಯೇ ಕೆಟ್ಟಿದೆಯೆಂದು ನಂಬಿದ್ದೆವು. ಲಿನಕ್ಸಿನಲ್ಲಿ ಆರು ಅಂಕಿಗಳ ಒಂದು ಸಾಲು ಬರೆದರೆ ಮುಟ್ಟಿನ ಲೆಕ್ಕವೂ ತಿರುಗುತ್ತದೆಂದು ಒಂಬತ್ತನೆಯ ದಿನ ತಿಳಿಯಿತು. ಗಣಿತದ ಮೇಷ್ಟ್ರು ಆ ಅಂಕಿಗಳನ್ನು ನೋಡಿ ಇದು ಮ್ಯಾಟ್ರಿಕ್ಸ್ ಎಂದು ಸಂತೋಷಪಟ್ಟರು. ಎರಡನೆಯದು, ಕೆಪಾಸಿಟಿವ್ ಪರದೆಯನ್ನು ವಾಚನಾಲಯದಲ್ಲಿ ಪರೀಕ್ಷಿಸಿದ ದಿನ ಅದು ಯಾರೂ ಮುಟ್ಟದೆಯೇ ತಾನಾಗಿ ಪುಟ ತಿರುವತೊಡಗಿತು. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಎದ್ದು ಹೋದರು. ಭೂತದ ಕಾರಣ ಅಗ್ಗದ ಅಡಾಪ್ಟರು. ಕೋಣೆಯ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇರಲಿಲ್ಲ. ವಿದ್ಯುತ್ತಿನ ಅತಿ ಅಲ್ಪ ಏರುಪೇರನ್ನು ಅಳೆಯುವ ಗಾಜಿಗೆ, ಅಡಾಪ್ಟರಿನಿಂದ ನುಸುಳಿದ ಗದ್ದಲವೂ ಬೆರಳಿನಂತೆಯೇ ತೋರುತ್ತದೆ. ನಮ್ಮ ಕಡೆಯ ಎಷ್ಟು ಕೋಣೆಗಳಲ್ಲಿ ಮೂರನೆಯ ರಂಧ್ರಕ್ಕೆ ತಂತಿ ನಿಜವಾಗಿ ನೆಲದವರೆಗೆ ಹೋಗಿದೆ?

ಈಗ ಎದುರುಪಕ್ಷದ ಮಾತು. ‘ಕೂಲಿಯವರ ಕೈಯಲ್ಲಿಯೂ ಫೋನಿದೆ. ಅದರ ಗಾಜು ಕೆಪಾಸಿಟಿವೇ ಅಲ್ಲವೆ? ಅವರೆಲ್ಲ ಅದನ್ನು ಬಳಸುತ್ತಿಲ್ಲವೆ? ಹಳೆಯ ಬಿಲ್ಲಿನ ಯಂತ್ರದ ಪರದೆ ತಂದಿಟ್ಟು ಬಡವರಿಗೆ ಹಳೆಯದೇ ಸಾಕು ಎಂದಂತೆ ಆಗಲಿಲ್ಲವೆ?’ ಈ ಕೊನೆಯ ಪ್ರಶ್ನೆ ನನ್ನನ್ನು ನಿಜವಾಗಿ ತಟ್ಟಿತು. ಅದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ನಮ್ಮ ತಂದೆ ಫೋನು ಬಳಸುತ್ತಾರೆ, ನಿಜ. ಹೆಬ್ಬೆರಳ ಮಗ್ಗುಲಿನಿಂದ, ಕೆಲವೊಮ್ಮೆ ಬೆರಳ ಗೆಣ್ಣಿನಿಂದ, ಮೂರು ಸಲ ತಟ್ಟಿ. ತಮ್ಮದೇ ಫೋನಾದ್ದರಿಂದ ಪಳಗಿಸಿಕೊಂಡಿದ್ದಾರೆ. ಹಿಂದೆ ನಾಲ್ಕು ಜನ ಸಾಲಿನಲ್ಲಿ ನಿಂತಿರುವಾಗ, ಅಪರಿಚಿತ ಗಾಜಿನ ಮುಂದೆ ಮೂರನೆಯ ಸಲ ತಟ್ಟುವುದಕ್ಕೆ ಅವರು ನಾಚುತ್ತಾರೆ. ‘ಕೆಟ್ಟಿದೆ ಅನ್ಸತ್ತೆ’ ಎಂದು ಹಿಂದೆ ಸರಿಯುತ್ತಾರೆ. ಗಾಜು ಕೆಟ್ಟಿಲ್ಲವೆಂದು ಅವರಿಗೂ ಗೊತ್ತು. ಕೆಪಾಸಿಟಿವ್ ಜಾತಿಯಲ್ಲಿಯೂ ಕೈಚೀಲದ ಮೇಲಿನಿಂದಲೇ ಬೆರಳನ್ನು ಅರಿಯುವಂತೆ ಹದಗೊಳಿಸಿದ ಒಳ್ಳೆಯ ಪರದೆಗಳಿವೆ. ಕೈಗೆಟುಕುವ ಬೆಲೆಗೆ ಅಂಥದು ದೊರೆತು, ತಂದೆಯ ಕೈಯನ್ನು ಅದು ಒಪ್ಪಿದರೆ ನನ್ನ ವಿರೋಧವಿಲ್ಲ. ನನಗೆ ಹಳೆಯದರ ಮೇಲೆ ಮೋಹವಿಲ್ಲ.

ಆದರೂ ಹಳೆಯದೆಂದು ಮೂಗು ಮುರಿಯುವವರು ಜಾಲಹಳ್ಳಿಯ ಕಡೆ ಒಮ್ಮೆ ನೋಡಬೇಕು. ಸಾಮಾನ್ಯ ಜನರಿಗೆಂದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು ಅಧ್ಯಾಪಕರೂ ಎಂಕೋರ್ ಎಂಬ ಸಂಸ್ಥೆಯವರೂ ಸೇರಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿ ೨೦೦೧ರಲ್ಲಿ ತೋರಿಸಿದರು. ಅದರಲ್ಲಿ ಓಡುತ್ತಿದ್ದದ್ದು ಲಿನಕ್ಸ್, ಮುಟ್ಟುವ ಪರದೆಯೂ ಕಡ್ಡಿಯೂ ಇದ್ದವು, ಕನ್ನಡವೂ ಇತ್ತು. ತಂತ್ರಾಂಶವನ್ನು ಮಾತ್ರವಲ್ಲದೆ ಯಂತ್ರದ ರಚನೆಯನ್ನೂ ಇತರರು ಬಳಸಬಹುದಾದ ಪರವಾನಗಿಯಡಿ ತೆರೆದಿಟ್ಟರು. ಐಫೋನ್ ಬಂದದ್ದು ೨೦೦೭ರಲ್ಲಿ ಎಂಬುದನ್ನು ನೆನೆದರೆ ಅವರ ಧೈರ್ಯ ತಿಳಿಯುತ್ತದೆ. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಇಂದಿನ ವಿದ್ಯಾರ್ಥಿಗಳಲ್ಲಿ ಅದರ ಹೆಸರು ಕೇಳಿದವರೇ ವಿರಳ. ಸೋತ ಯಂತ್ರವೆಂದು ಅದನ್ನು ಮರೆತಿದ್ದೇವೆ. ಆದರೆ ಯಾರ ಕೈಗೆ ಈ ಯಂತ್ರ ಎಂಬ ಪ್ರಶ್ನೆಯಿಂದ ಅವರು ಆರಂಭಿಸಿದ್ದರು. ನಾವು ಪಟ್ಟಿಯಲ್ಲಿ ಅಗ್ಗದ್ದು ಯಾವುದು ಎಂಬಲ್ಲಿಂದ ಆರಂಭಿಸುತ್ತೇವೆ.

ಅದೇ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುವ ಇನ್ನೊಂದು ಯಂತ್ರ ಸೋಲಲಿಲ್ಲ. ಮತಯಂತ್ರ. ೧೯೮೨ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಸಲ ಬಳಕೆಯಾಗಿ, ೨೦೦೪ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಕ್ಷೇತ್ರಗಳಿಗೂ ಹೋಯಿತು. ಅದರಲ್ಲಿ ಮುಟ್ಟುವ ಗಾಜಿಲ್ಲ. ಹೆಸರು, ಚಿಹ್ನೆ, ಮಗ್ಗುಲಲ್ಲಿ ಒಂದು ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ ಹತ್ತಿ ‘ಬೀಪ್’ ಎನ್ನುತ್ತದೆ. ಕಣ್ಣು ಕಾಣದವರಿಗೆ ಬ್ರೈಲ್ ಅಂಕಿಗಳಿವೆ. ಜಡ್ಡುಗಟ್ಟಿದ ಕೈ, ಶಾಯಿ ಹಚ್ಚಿದ ಕೈ, ಮೊದಲ ಸಲ ಮತ ಹಾಕುವ ಕೈ, ಎಲ್ಲವನ್ನೂ ಅದು ಒಪ್ಪುತ್ತದೆ. ಒಪ್ಪಿದೆನೆಂದು ಕೂಗಿ ಹೇಳುತ್ತದೆ. ನಮ್ಮ ಅಜ್ಜಿ ಓದು ಬಲ್ಲವರಲ್ಲ, ಮತಯಂತ್ರದ ಮುಂದೆ ಅವರು ಒಮ್ಮೆಯೂ ತಡವರಿಸಿದ್ದಿಲ್ಲ.

ಹೀಗಿರುವಲ್ಲಿ ಎಲ್ಲವನ್ನೂ ಗಾಜಿನ ಮೇಲೆಯೇ ಏಕೆ ಹೊರಿಸಬೇಕು? ನಮ್ಮ ಕಿಯೋಸ್ಕಿಗೆ ನಾನು ಕೇಳುತ್ತಿರುವುದು ಇಷ್ಟು: ಬಹಿರಂಗ ಮಾತು ಬಲ್ಲ, ಐದು ತಂತಿಯ, ಒತ್ತುವ ಪರದೆ, ಅದರ ಕೆಳಗೆ ಹಿಂದೆ, ಮುಂದೆ, ಹೌದು, ಮೊದಲಿಗೆ ಎಂಬ ನಾಲ್ಕು ನಿಜವಾದ ಗುಂಡಿಗಳು. ಗುಂಡಿಗಳನ್ನು ಯು.ಎಸ್.ಬಿ. ಕೀಲಿಮಣೆಯ ಒಂದು ಸಣ್ಣ ಹಲಗೆಗೆ ಬೆಸೆದರೆ ಲಿನಕ್ಸ್ ಅವುಗಳನ್ನು ಕೀಲಿಗಳೆಂದೇ ತಿಳಿಯುತ್ತದೆ. ಗಾಜು ಕೆಟ್ಟ ದಿನವೂ ಯಂತ್ರ ಸುಮ್ಮನಾಗುವುದಿಲ್ಲ. ಚಿತ್ರ ಸ್ವಲ್ಪ ಮಂಕಾಗಿರುವುದನ್ನು ನಾವು, ಅಂದರೆ ನುಣುಪು ಬೆರಳಿನವರು, ಸಹಿಸಿಕೊಳ್ಳೋಣ.

ನಮ್ಮ ಕಾಲೇಜಿನ ಕಛೇರಿಯ ಮುಂದೆ ಬರಲಿರುವ ಯಂತ್ರಕ್ಕೂ ನನ್ನ ವಿಜ್ಞಾಪನೆ ಇದೇ. ಇಲ್ಲಿ ಮುಟ್ಟುವವರು ವಿದ್ಯಾರ್ಥಿಗಳು ಮಾತ್ರ ಎಂದು ಅಧ್ಯಾಪಕ ಮಹಾಶಯರು ಭಾವಿಸಬಾರದು. ಪ್ರವೇಶದ ದಿನಗಳಲ್ಲಿ ಆ ವರಾಂಡದಲ್ಲಿ ನಿಂತಿರ ತಕ್ಕವರು ಯಾರೆಂದು ಒಮ್ಮೆ ನೆನೆಯಬೇಕು. ಮಾಗಡಿಯ ಕಡೆಯಿಂದ, ನೆಲಮಂಗಲದ ಕಡೆಯಿಂದ, ನಮ್ಮ ಲಗ್ಗೆರೆಯಿಂದ, ಒಂದು ದಿನದ ಕೂಲಿ ಬಿಟ್ಟು, ಅಂಕಪಟ್ಟಿಯ ಚೀಲ ಹಿಡಿದು ಬಂದ ತಂದೆತಾಯಿಗಳು. ತಾಲ್ಲೂಕು ಕಛೇರಿಯ ಭೂಮಿ ಕೇಂದ್ರದಲ್ಲಿ ಪಹಣಿ ಕೇಳಿದರೆ ಕಿಟಕಿಯ ಒಳಗಿನವರು ಕೀಲಿ ಒತ್ತಿ ತೆಗೆದುಕೊಡುತ್ತಾರೆ. ಕಿಯೋಸ್ಕಿನಲ್ಲಿ ಕಿಟಕಿಯವರಿಲ್ಲ, ಇವರೇ ಒತ್ತಬೇಕು. ಹಣ ಕೊಡುವ ಮೊದಲು ಮಾದರಿ ಪರದೆಯನ್ನು ಒಂದು ದಿನ ಆ ವರಾಂಡದಲ್ಲಿ ಇಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅಣ್ಣನ ಪೆನ್‌ಡ್ರೈವನ್ನು ನಾನು ತರುತ್ತೇನೆ. ನಮ್ಮ ತಂದೆಗೆ ಗುರುವಾರ ವಾರದ ರಜೆ. ಬೆಳಿಗ್ಗೆ ಹತ್ತು ಗಂಟೆಯಾದರೆ ತಾವೂ ಬರುವುದಾಗಿ ಹೇಳಿದ್ದಾರೆ.